ಅಲಾಯ್ ಹಾಕಿಸಿದ ಮೇಲೆ ಟೈರ್ ಟಚ್ ಆಗುತ್ತಿದೆಯಾ? ಮಡ್‌ಗಾರ್ಡ್ ಕತ್ತರಿಸುವ ಮೊದಲು ಇಷ್ಟು ಮಾಡಿ

ಹೊಸ ಅಲಾಯ್ ಹಾಕಿಸಿ ಅಂಗಡಿಯಿಂದ ಹೊರಗೆ ಬರುವಾಗ ಎಲ್ಲ ಚೆನ್ನಾಗಿಯೇ ಇರುತ್ತದೆ. ಗಾಡಿಯಲ್ಲಿ ನೀವೊಬ್ಬರೇ, ರಸ್ತೆ ಸಮ, ಸ್ಟೀರಿಂಗ್ ಪೂರ್ತಿ ತಿರುಗಿಸುವ ಕೆಲಸವೇ ಬರುವುದಿಲ್ಲ. ಭಾನುವಾರ ಮನೆಯವರನ್ನೆಲ್ಲ ಕೂರಿಸಿಕೊಂಡು ಹೊರಟಾಗ ಮೊದಲ ಹಂಪ್ ಮೇಲೆ ಹಿಂದಿನಿಂದ ಜರ್ರ್ ಅನ್ನುತ್ತದೆ. ಅಂಗಡಿಗೆ ಫೋನ್ ಮಾಡಿದರೆ ಸಾಮಾನ್ಯವಾಗಿ ಸಿಗುವ ಉತ್ತರ ಎರಡು: "ಸ್ವಲ್ಪ ದಿನ ಓಡಿಸಿ ಸಾರ್, ಸೆಟ್ ಆಗುತ್ತೆ", ಇಲ್ಲವೇ "ತಗೊಂಡು ಬನ್ನಿ, ಮಡ್‌ಗಾರ್ಡ್ ಸ್ವಲ್ಪ ಕಟ್ ಮಾಡಿ ಕೊಡ್ತೀವಿ". ಎರಡಕ್ಕೂ ಸದ್ಯಕ್ಕೆ ಬೇಡ ಅನ್ನಿ. ಸೆಟ್ ಆಗುವುದು ಅಂದರೆ ಟೈರಿನ ಅಂಚೋ ಒಳಗಿನ ಪ್ಲಾಸ್ಟಿಕ್ಕೋ ಸವೆದು ಜಾಗ ಬಿಡುವುದು, ಅಷ್ಟೇ. ಇನ್ನು ಕತ್ತರಿಸಿದ್ದನ್ನು ಮತ್ತೆ ಅಂಟಿಸಲು ಆಗುವುದಿಲ್ಲ.

ಟೈರ್ ಯಾವ ಚಕ್ರದಲ್ಲಿ, ಎಲ್ಲಿ, ಯಾವಾಗ ತಾಗುತ್ತಿದೆ ಎನ್ನುವುದು ಗೊತ್ತಾಗುವ ತನಕ ಯಾವ ರಿಪೇರಿಯನ್ನೂ ಶುರು ಮಾಡಬೇಡಿ. ಏಕೆಂದರೆ ಒಳಗೆ ತಾಗುವ ಟೈರಿಗೆ ಮಾಡುವ ಮದ್ದು ಹೊರಗೆ ತಾಗುವ ಟೈರಿಗೆ ವಿಷ. ಸ್ಪೇಸರ್, ಅಂದರೆ ಚಕ್ರವನ್ನು ಹೊರಗೆ ತಳ್ಳಲು ಅದರ ಹಿಂದೆ ಕೂರಿಸುವ ತಟ್ಟೆ, ಹಾಕಿದರೆ ಒಳಗಿನದು ಬಿಡುತ್ತದೆ, ಹೊರಗಿನದು ಇನ್ನೂ ಜಾಸ್ತಿ ತಾಗುತ್ತದೆ.

ಮೊದಲು ಟೈರನ್ನೇ ನೋಡಿ

ಬೆಳಕಿರುವ ಜಾಗದಲ್ಲಿ ನಿಲ್ಲಿಸಿ, ನಾಲ್ಕೂ ಟೈರ್‌ಗಳ ಮೇಲೆ ಕೈ ಆಡಿಸಿ. ಒಳಗಿನ ಬದಿಯನ್ನು ಬಿಡಬೇಡಿ. ಅದಕ್ಕೆ ಸ್ಟೀರಿಂಗ್ ತಿರುಗಿಸಿ ಮೊಬೈಲ್ ಟಾರ್ಚ್ ಬಿಟ್ಟು ನೋಡಬೇಕು. ಉಜ್ಜಿದ ಜಾಗ ಉಳಿದ ರಬ್ಬರ್‌ಗಿಂತ ಕಪ್ಪಗೆ, ನುಣ್ಣಗೆ ಹೊಳೆಯುತ್ತದೆ. ಬರೀ ಹೊಳಪಷ್ಟೇ ಇದ್ದರೆ ಹೆದರಬೇಡಿ. ಉಗುರು ಸಿಕ್ಕಿಕೊಳ್ಳುವಂಥ ಗೀರು ಇದ್ದರೆ ಇಂದೇ ಕೆಲಸ ಶುರು ಮಾಡಿ. ಟೈರಿನ ಬದಿಯಲ್ಲಿ ದಾರದ ಎಳೆ ಕಾಣಿಸುತ್ತಿದ್ದರೆ ಆ ಟೈರ್ ಮುಗಿಯಿತು ಅಂತಲೇ ಲೆಕ್ಕ. ಬದಿಯ ಗಾಯಕ್ಕೆ ಪಂಕ್ಚರ್ ಅಂಗಡಿಯವರು ಒಳಗಿನಿಂದ ಪ್ಯಾಚ್ ಹಾಕಿ ಕೊಡುತ್ತೇವೆ ಅನ್ನಬಹುದು. ಒಪ್ಪಬೇಡಿ. ಗಾಡಿ ಓಡುವಾಗ ಪ್ರತಿ ಸುತ್ತಿಗೂ ಬಾಗಿ ನೇರವಾಗುವುದು ಆ ಬದಿಯೇ, ಅಲ್ಲಿ ಪ್ಯಾಚ್ ನಿಲ್ಲುವುದಿಲ್ಲ.

ಗುರುತು ಟೈರಿನ ಯಾವ ಭಾಗದಲ್ಲಿದೆ ಎಂದು ನೋಡಿದರೇ ಅರ್ಧ ಉತ್ತರ ಸಿಗುತ್ತದೆ. ಹೊರಗಿನ ಭುಜದಲ್ಲಿ, ಅಂದರೆ ಓಡುವ ಮೈ ಮತ್ತು ಬದಿ ಸೇರುವ ಮೂಲೆಯಲ್ಲಿ ಇದ್ದರೆ ಮಡ್‌ಗಾರ್ಡ್‌ನ ಮಡಿಚಿದ ಅಂಚು ಅಥವಾ ಬಂಪರ್ ಸೇರುವ ಜಾಗದ ಸ್ಕ್ರೂ. ಒಳಗಿನ ಬದಿಯಲ್ಲಿ ಉದ್ದಕ್ಕೂ ಗೆರೆ ಎಳೆದ ಹಾಗಿದ್ದರೆ ಶಾಕ್ ಅಬ್ಸಾರ್ಬರ್‌ನ ಮೈ ಅಥವಾ ಸ್ಪ್ರಿಂಗ್ ಕೂರುವ ತಟ್ಟೆ. ಓಡುವ ಮೈ ಮೇಲೆಯೇ ಸವೆದ ಪಟ್ಟಿ ಇದ್ದರೆ ಮೇಲಿನ ಲೈನರ್ (ಚಕ್ರದ ಗೂಡಿನ ಒಳಗೆ ಹೊದಿಸಿದ ಪ್ಲಾಸ್ಟಿಕ್), ಅಂದರೆ ಟೈರಿನ ಎತ್ತರವೇ ಜಾಸ್ತಿಯಾಗಿದೆ ಅಥವಾ ಗಾಡಿ ಕೆಳಗೆ ಕೂತಿದೆ.

ತಾಗುವ ಜಾಗ ಹಿಡಿಯುವುದು

ಸದ್ದು ಕೇಳಿ ಜಾಗ ಊಹಿಸಲು ಹೋಗಬೇಡಿ. ಕಾರಿನೊಳಗೆ ಕೂತರೆ ಎಡಗಡೆಯದು ಬಲಗಡೆ ಅನ್ನಿಸುತ್ತದೆ. ಶಾಲೆಯ ಚಾಕ್‌ಪೀಸ್ ತನ್ನಿ. ಮಡ್‌ಗಾರ್ಡ್‌ನ ಒಳ ಅಂಚಿಗೆ, ಲೈನರ್‌ನ ಉಬ್ಬಿದ ಜಾಗಗಳಿಗೆ, ಶಾಕ್ ಅಬ್ಸಾರ್ಬರ್‌ನ ಮೈಗೆ ದಪ್ಪಗೆ ಬಳಿಯಿರಿ. ಚಾಕ್ ಹಿಡಿಯದ ನುಣುಪು ಜಾಗಕ್ಕೆ ಬಿಳಿ ಟೂತ್‌ಪೇಸ್ಟ್ ತೆಳ್ಳಗೆ ಹಚ್ಚಿ ಒಣಗಲು ಬಿಡಿ. ಗಾಡಿ ಓಡಿಸಿ ಬಂದು ನೋಡಿ: ಎಲ್ಲಿ ಬಿಳಿ ಒರೆಸಿ ಹೋಗಿದೆಯೋ ಅದೇ ಜಾಗ.

ಓಡಿಸುವುದಕ್ಕೂ ಒಂದು ಕ್ರಮವಿದೆ. ಮೊದಲು ಖಾಲಿ ಮೈದಾನದಲ್ಲಿ ಸ್ಟೀರಿಂಗ್ ಪೂರ್ತಿ ಎಡಕ್ಕೆ ತಿರುಗಿಸಿ ನಿಧಾನಕ್ಕೆ ಮುಂದೆ, ಹಿಂದೆ. ಆಮೇಲೆ ಪೂರ್ತಿ ಬಲಕ್ಕೆ. ರಿವರ್ಸ್‌ನಲ್ಲಿ ಮಾತ್ರ ಸದ್ದು ಬಂದರೆ ಹೆಚ್ಚಿನ ಸಲ ಅದು ಮುಂದಿನ ಲೈನರ್ ಅಥವಾ ಮಡ್‌ಫ್ಲ್ಯಾಪ್, ಸುಲಭದ ಕೇಸು. ನಂತರ ಹಿಂದಿನ ಸೀಟಿಗೆ ಮೂವರನ್ನು ಕೂರಿಸಿ, ಡಿಕ್ಕಿಗೆ 25 ಕೆ.ಜಿ.ಯ ಎರಡು ಅಕ್ಕಿ ಮೂಟೆ ಹಾಕಿ, ಹಂಪ್ ದಾಟಿಸಿ. ಹಿಂದಿನ ಮಡ್‌ಗಾರ್ಡ್‌ನ ಅಂಚು ಇಲ್ಲಿ ಸಿಕ್ಕಿಬೀಳುತ್ತದೆ. ಮೂರನೆಯದು ಎಲ್ಲರೂ ಬಿಡುವ ಪರೀಕ್ಷೆ: ತಿರುವು ಮತ್ತು ಭಾರ ಎರಡೂ ಒಟ್ಟಿಗೆ ಬೀಳಬೇಕು. ಒಂದು ಮುಂದಿನ ಚಕ್ರವನ್ನು ಫುಟ್‌ಪಾತ್‌ನ ಇಳಿಜಾರಿನ ಮೇಲೆ ನಿಧಾನಕ್ಕೆ ಹತ್ತಿಸಿ, ಅಲ್ಲೇ ನಿಲ್ಲಿಸಿ ಸ್ಟೀರಿಂಗ್ ತಿರುಗಿಸಿ. ಆ ಚಕ್ರ ಗೂಡಿನೊಳಗೆ ಮೇಲೇರಿರುತ್ತದೆ, ಜೊತೆಗೆ ತಿರುಗಿಯೂ ಇರುತ್ತದೆ. ಊರೊಳಗೆ ಯಾವತ್ತೂ ತಾಗದ ಗಾಡಿ ಆಗುಂಬೆಯ 14 ಹೇರ್‌ಪಿನ್ ತಿರುವುಗಳಲ್ಲಿ ತಾಗುವುದು ಇದೇ ಕಾರಣಕ್ಕೆ. ಅಲ್ಲಿ ಹೊರಗಡೆಯ ಚಕ್ರದ ಮೇಲೆ ಗಾಡಿಯ ಭಾರ ವಾಲುತ್ತದೆ, ಸ್ಟೀರಿಂಗ್ ಕೂಡ ಹೆಚ್ಚುಕಮ್ಮಿ ಪೂರ್ತಿ ತಿರುಗಿರುತ್ತದೆ.

ಎಡ ಬಲ ಎರಡರಲ್ಲಿ ಒಂದೇ ಕಡೆ ತಾಗುತ್ತಿದ್ದರೆ ಅಲಾಯ್ ಮೇಲೆ ತಪ್ಪು ಹೊರಿಸುವ ಮೊದಲು ಟೇಪ್ ಹಿಡಿಯಿರಿ. ಚಕ್ರದ ನಡುಮಧ್ಯದಿಂದ ಮಡ್‌ಗಾರ್ಡ್ ಅಂಚಿನವರೆಗೆ ನೇರ ಮೇಲಕ್ಕೆ ಅಳೆಯಿರಿ, ಎರಡೂ ಕಡೆ. ಸಮತಟ್ಟಾದ ನೆಲದಲ್ಲಿ ಒಂದು ಕಡೆ 10 ಮಿ.ಮೀ.ಗಿಂತ ಜಾಸ್ತಿ ಕಡಿಮೆ ಬಂದರೆ ಸ್ಪ್ರಿಂಗ್ ಕೂತಿದೆಯೋ ಅಥವಾ ಹಳೆಯ ಆಕ್ಸಿಡೆಂಟ್‌ನಲ್ಲಿ ಏನೋ ಬಾಗಿದೆಯೋ ನೋಡಿಸಬೇಕು. ಸೆಕೆಂಡ್‌ಹ್ಯಾಂಡ್ ಗಾಡಿ ತೆಗೆದುಕೊಂಡವರು ಇದನ್ನು ಖಂಡಿತ ಮಾಡಿ. ಟಿಂಕರಿಂಗ್ ಮಾಡಿದ ಮಡ್‌ಗಾರ್ಡ್ ನಾಲ್ಕೈದು ಮಿ.ಮೀ. ಒಳಗೆ ಕೂತಿರುವುದು ಅಪರೂಪವೇನಲ್ಲ.

ಈಗ ಲೆಕ್ಕ

ಗಣಿತ ಅಂದ ಕೂಡಲೇ ಓಡಬೇಡಿ, ಎರಡೇ ಲೆಕ್ಕ. ಇದನ್ನು ಮಾಡದೆ ದುಡ್ಡು ಖರ್ಚು ಮಾಡುವವರೇ ಜಾಸ್ತಿ.

ಮೊದಲನೆಯದು ಟೈರಿನ ಎತ್ತರ. ಸ್ವಿಫ್ಟ್‌ನ ಮೇಲಿನ ವೇರಿಯಂಟ್‌ಗಳಲ್ಲಿ ಬರುವ 185/65 ಆರ್15 ತೆಗೆದುಕೊಳ್ಳಿ. 185 ಅಂದರೆ ಅಗಲ, ಮಿ.ಮೀ.ನಲ್ಲಿ. 65 ಅಂದರೆ ಟೈರಿನ ಬದಿಯ ಎತ್ತರ ಆ ಅಗಲದ ಶೇ 65, ಅಂದರೆ 120.25 ಮಿ.ಮೀ. ಮೇಲೊಂದು ಕೆಳಗೊಂದು ಸೇರಿ 240.5. ರಿಮ್ 15 ಇಂಚು, ಅಂದರೆ 381. ಒಟ್ಟು 621.5 ಮಿ.ಮೀ. ಈಗ 16 ಇಂಚಿನ ಅಲಾಯ್‌ಗೆ 195/55 ಆರ್16 ಹಾಕಿದರೆ ಇದೇ ಲೆಕ್ಕದಲ್ಲಿ 620.9 ಬರುತ್ತದೆ, ಹೆಚ್ಚುಕಮ್ಮಿ ಅಷ್ಟೇ. ಬಲೆನೊದ ಮೇಲಿನ ವೇರಿಯಂಟ್‌ಗೆ ಕಂಪನಿಯಿಂದಲೇ ಬರುವ ಸೈಜ್ ಅದು. 205/55 ಆರ್16 ಹಾಕಿದರೆ 631.9. ಅಂಗಡಿಯಲ್ಲಿ "ದಪ್ಪ ಟೈರ್, ಲುಕ್ ಚೆನ್ನಾಗಿರುತ್ತೆ" ಎಂದು 205/60 ಆರ್16 ಹಾಕಿ ಕಳಿಸಿದರೆ 652.4. ಹಳೆಯದಕ್ಕಿಂತ ಸುಮಾರು 31 ಮಿ.ಮೀ. ಎತ್ತರ, ಅಂದರೆ ಮೇಲಿನ ಲೈನರ್ ಕಡೆಗೆ ಟೈರ್ 15 ಮಿ.ಮೀ.ಗಿಂತ ಜಾಸ್ತಿ ಹತ್ತಿರ ಬಂತು. ತಾಗದೆ ಇನ್ನೇನು ಮಾಡೀತು? ಸಾಲದ್ದಕ್ಕೆ ಶೇ 5ರಷ್ಟು ವ್ಯತ್ಯಾಸ ಬಂದಿರುವುದರಿಂದ ಮೊದಲು ಮೀಟರ್ 100 ತೋರಿಸುವಾಗ ಇದ್ದ ವೇಗಕ್ಕೆ ಈಗ ಅದು 95 ತೋರಿಸುತ್ತದೆ. ಒಟ್ಟು ಎತ್ತರದ ವ್ಯತ್ಯಾಸ ಶೇ 3 ದಾಟಬಾರದು ಎನ್ನುವುದು ಈ ಕೆಲಸ ಗೊತ್ತಿರುವವರ ರೂಢಿ. ನನ್ನನ್ನು ಕೇಳಿದರೆ ಚಿಕ್ಕ ಕಾರಿಗೆ 2 ಸಾಕು.

ಎರಡನೆಯದು ಆಫ್‌ಸೆಟ್. ಹೆಚ್ಚಿನ ತಲೆನೋವು ಹುಟ್ಟುವುದು ಇಲ್ಲೇ, ಅಂಗಡಿಯವರು ಹೇಳದೇ ಇರುವುದೂ ಇದನ್ನೇ. ರಿಮ್‌ನ ಹಿಂಬದಿಯಲ್ಲಿ, ಅರಗಳ ಒಳಮೈಯಲ್ಲಿ, ಇಟಿ ಎಂಬ ಅಕ್ಷರಗಳ ಪಕ್ಕ ಒಂದು ಸಂಖ್ಯೆ ಎರಕ ಹೊಯ್ದಿರುತ್ತಾರೆ, ಇಟಿ 35, ಇಟಿ 42 ಎಂಬ ಹಾಗೆ. ರಿಮ್ ಹಬ್‌ಗೆ (ಚಕ್ರವನ್ನು ನಟ್ ಹಾಕಿ ಬಿಗಿಯುವ ನಡುಭಾಗಕ್ಕೆ) ಕೂರುವ ಮುಖ, ರಿಮ್‌ನ ಅಗಲದ ನಡುಗೆರೆಯಿಂದ ಎಷ್ಟು ಮಿ.ಮೀ. ಹೊರಗಿದೆ ಎನ್ನುವುದು ಆ ಸಂಖ್ಯೆ. ಸಂಖ್ಯೆ ಕಡಿಮೆಯಾದಷ್ಟೂ ಚಕ್ರ ಹೊರಗೆ ಬರುತ್ತದೆ. ಜಾಸ್ತಿಯಾದಷ್ಟೂ ಒಳಗೆ ಹೋಗುತ್ತದೆ.

ಹಳೆಯ ರಿಮ್ 5.5 ಇಂಚು ಅಗಲ, ಇಟಿ 45 ಎಂದಿಟ್ಟುಕೊಳ್ಳಿ. ಹೊಸದು 7 ಇಂಚು, ಇಟಿ 35. 5.5 ಇಂಚು ಅಂದರೆ 139.7 ಮಿ.ಮೀ., ಅರ್ಧ 69.85. ಅದರಿಂದ 45 ಕಳೆದರೆ 24.85: ಹಬ್‌ನಿಂದ ಹೊರಗಿನ ಅಂಚು ಅಷ್ಟು ದೂರ. 45 ಕೂಡಿಸಿದರೆ 114.85: ಒಳಗಿನ ಅಂಚು ಅಷ್ಟು ದೂರ. ಹೊಸದಕ್ಕೂ ಹಾಗೇ ಮಾಡಿ. 7 ಇಂಚು ಅಂದರೆ 177.8, ಅರ್ಧ 88.9. ಹೊರಗೆ 53.9, ಒಳಗೆ 123.9. ಅಂದರೆ ಹೊಸ ರಿಮ್ 29 ಮಿ.ಮೀ. ಹೊರಗೆ ಬಂದಿದೆ, ಜೊತೆಗೆ 9 ಮಿ.ಮೀ. ಒಳಗೂ ಹೋಗಿದೆ. 29 ಮಿ.ಮೀ. ಅಂದರೆ ಸುಮ್ನೆ ಅಲ್ಲ, ದೊಡ್ಡವರ ಎರಡು ಬೆರಳಷ್ಟು ಆಗುತ್ತದೆ. ಇಷ್ಟು ಹೊರಗೆ ಬಂದ ಚಕ್ರಕ್ಕೆ ಮಡ್‌ಗಾರ್ಡ್ ಮಡಿಸಿದರೂ ಕತ್ತರಿಸಿದರೂ ನೆಮ್ಮದಿ ಸಿಗುವುದಿಲ್ಲ. ಅದೇ 6 ಇಂಚಿನ ಇಟಿ 42 ರಿಮ್ ಆಗಿದ್ದರೆ? 6 ಇಂಚು ಅಂದರೆ 152.4, ಅರ್ಧ 76.2. ಹೊರಗೆ 34.2, ಅಂದರೆ ಹಳೆಯದಕ್ಕಿಂತ 9 ಮಿ.ಮೀ. ಹೊರಗೆ, 3 ಮಿ.ಮೀ. ಒಳಗೆ. ನೋಡಲು ತುಂಬಿದ ಹಾಗೂ ಕಾಣುತ್ತದೆ, ಸಾಮಾನ್ಯವಾಗಿ ತಾಗುವುದೂ ಇಲ್ಲ.

ಚಕ್ರ ಹೊರಗೆ ಬಂದಾಗ ಹಿಂದೆ ಮಾತ್ರ ತೊಂದರೆ ಅಂದುಕೊಳ್ಳಬೇಡಿ. ಮುಂದಿನ ಚಕ್ರ ಸ್ಟೀರಿಂಗ್ ಜೊತೆ ತಿರುಗುವುದು ಒಂದು ಅಕ್ಷದ ಸುತ್ತ. ಆ ಅಕ್ಷದಿಂದ ಟೈರ್ ದೂರ ಹೋದಷ್ಟೂ ಅದು ಬೀಸುವ ವೃತ್ತ ದೊಡ್ಡದಾಗುತ್ತದೆ. ಅದಕ್ಕೇ ಮುಂದೆ ಬಂಪರ್‌ಗೂ, ಹಿಂದೆ ಮಡ್‌ಫ್ಲ್ಯಾಪ್‌ಗೂ ಹೋಗಿ ಬಡಿಯುವುದು. ಸ್ಟೀರಿಂಗ್ ಭಾರ ಅನ್ನಿಸುವುದು, ಗುಂಡಿಗೆ ಇಳಿದಾಗ ಕೈಯಿಂದ ಎಳೆದುಕೊಂಡ ಹಾಗಾಗುವುದು, ವೀಲ್ ಬೇರಿಂಗ್ ಬೇಗ ಗುಂಯ್‌ಗುಟ್ಟುವುದು ಎಲ್ಲದರ ಮೂಲವೂ ಅದೇ.

ಒಳಗಡೆಯ ವಿಷಯ ಬೇರೆ, ಇದು ಗೊತ್ತಿದ್ದರೆ ಸುಮ್ನೆ ಗಾಬರಿಯಾಗುವುದು ತಪ್ಪುತ್ತದೆ. ನಮ್ಮ ಹೆಚ್ಚಿನ ಕಾರುಗಳಲ್ಲಿ ಮುಂದಿನ ಶಾಕ್ ಅಬ್ಸಾರ್ಬರ್‌ನ ಕೆಳಭಾಗವನ್ನು ಹಬ್ ಹಿಡಿದಿರುವ ನಕಲ್‌ಗೆ ನೇರವಾಗಿ ಬೋಲ್ಟ್ ಮಾಡಿರುತ್ತಾರೆ. ಚಕ್ರ ತಿರುಗಿದರೆ ಅದೂ ತಿರುಗುತ್ತದೆ, ಚಕ್ರ ಮೇಲೇರಿದರೆ ಅದೂ ಏರುತ್ತದೆ. ಹಾಗಾಗಿ ಟೈರಿಗೂ ಅದಕ್ಕೂ ನಡುವಿನ ಸಂದು ಬದಲಾಗುವುದಿಲ್ಲ. ಅಲ್ಲಿ 5 ಮಿ.ಮೀ. ಇದ್ದರೂ ನಡೆಯುತ್ತದೆ, ತಿರುವಿನಲ್ಲಿ ಟೈರ್ ಸ್ವಲ್ಪ ಉಬ್ಬುವುದಕ್ಕೆ ಅಷ್ಟು ಸಾಕು. ಹೊರಗೆ ಮಡ್‌ಗಾರ್ಡ್ ಅಂಚಿನಲ್ಲಿ 5 ಮಿ.ಮೀ. ಇದ್ದರೆ ಮಾತ್ರ ಮೊದಲ ಹಂಪ್‌ಗೇ ಮುಗಿಯಿತು.

ರಿಪೇರಿ, ಅಗ್ಗದ್ದರಿಂದ ಶುರು

ಬಿಚ್ಚುವ ಮೊದಲು ಒಂದು ಮಾತು. ಗಾಡಿ ಜೊತೆ ಬರುವ ಜಾಕ್ ಮೇಲೆ ನಿಲ್ಲಿಸಿ ಕೆಳಗೆ ತಲೆ ಹಾಕಬೇಡಿ. ಸ್ಟ್ಯಾಂಡ್ ಇಡಿ, ಉಳಿದ ಚಕ್ರಗಳಿಗೆ ಕಲ್ಲು ಕೊಡಿ. ಬಿಚ್ಚಿದ ಚಕ್ರವನ್ನು ಗಾಡಿಯ ಅಡಿಗೆ ಸರಿಸಿ ಮಲಗಿಸಿ.

ಟೈರ್ ಪ್ರೆಶರ್ ನೋಡಿ. ಡ್ರೈವರ್ ಬಾಗಿಲಿನ ಕಂಬದ ಸ್ಟಿಕರ್‌ನಲ್ಲಿ ಇರುವುದು ಕಂಪನಿ ಸೈಜಿಗೆ. ಆದರೂ ಭಾರ ಹಾಕುವಾಗ ಜಾಸ್ತಿ ಬೇಕು ಎಂದು ಅಲ್ಲಿ ಬೇರೆ ಸಂಖ್ಯೆ ಕೊಟ್ಟಿರುತ್ತಾರೆ, ಅದನ್ನು ಯಾರೂ ಓದುವುದಿಲ್ಲ. ಗಾಳಿ ಕಡಿಮೆ ಇದ್ದರೆ ಟೈರ್ ಬದಿ ಉಬ್ಬಿ ತಾಗುತ್ತದೆ. ಇದರಿಂದ ಸರಿಹೋಗುವುದು ತೀರ ಅಂಚಿನಲ್ಲಿರುವ ಕೇಸು ಮಾತ್ರ, ಆದರೆ ಖರ್ಚೇ ಇಲ್ಲವಲ್ಲ.

ಆಮೇಲೆ ಮಡ್‌ಫ್ಲ್ಯಾಪ್. ಆಕ್ಸೆಸರಿ ಅಂಗಡಿಯಲ್ಲಿ ಹಾಕಿಸಿದ್ದಾದರೆ ಅದನ್ನು ಬಿಚ್ಚಿ ಮತ್ತೆ ಓಡಿಸಿ ನೋಡಿ. ಮುಂದಿನ ಚಕ್ರದ ಹಿಂದೆ ಬರುವ ಸದ್ದಿಗೆ ಎಷ್ಟೋ ಸಲ ಇದೇ ಕಾರಣ. ಬಂಪರ್ ಮತ್ತು ಮಡ್‌ಗಾರ್ಡ್ ಸೇರುವ ಜಾಗದಲ್ಲಿ ಒಂದು ಸ್ಕ್ರೂ ಇರುತ್ತದೆ, ಅದರ ತಲೆ ಚಕ್ರದ ಕಡೆಗೆ ಚಾಚಿರುತ್ತದೆ. ಟೈರಿನ ಭುಜದಲ್ಲಿ ಒಂದೇ ಒಂದು ತೆಳ್ಳಗಿನ ಗೀರು ಸುತ್ತಲೂ ಎಳೆದ ಹಾಗೆ ಕಂಡರೆ ಅದೇ ಕಳ್ಳ. ಚಪ್ಪಟೆ ತಲೆಯ ಸ್ಕ್ರೂ ಹಾಕಿದರೆ ಸಾಕು.

ಲೈನರ್ ತಾಗುತ್ತಿದ್ದರೆ ಮೊದಲು ಅದರ ಕ್ಲಿಪ್ ಎಲ್ಲ ಇದೆಯಾ ನೋಡಿ. ಸರ್ವಿಸ್‌ಗೆ ಬಿಟ್ಟಾಗ ಬಿಚ್ಚಿ, ಮುರಿದ ಕ್ಲಿಪ್ ಹಾಗೇ ಬಿಟ್ಟು ಕೊಡುವುದು ಸಾಮಾನ್ಯ. ಲೈನರ್ ಜೋತು ಬಿದ್ದು ಟೈರಿಗೆ ತಾನೇ ಬಂದು ಒರಗಿರುತ್ತದೆ. ಕ್ಲಿಪ್ ಸರಿ ಇದ್ದೂ ತಾಗುತ್ತಿದ್ದರೆ ಹೀಟ್ ಗನ್ ತನ್ನಿ. ಚಾಕ್ ಒರೆಸಿ ಹೋದ ಜಾಗಕ್ಕೆ ಅಂಗೈ ಅಗಲ ದೂರದಿಂದ ಬಿಸಿ ಗಾಳಿ ಬಿಡುತ್ತಾ ಇರಿ, ಒಂದೇ ಕಡೆ ನಿಲ್ಲಿಸಬೇಡಿ. ಪ್ಲಾಸ್ಟಿಕ್ ಮೆತ್ತಗಾಗಿ ಹೊಳಪು ಬಂದ ಕೂಡಲೇ ದಪ್ಪ ಕೈಗವಸು ಹಾಕಿದ ಕೈಯಿಂದ, ಇಲ್ಲವೇ ಬಟ್ಟೆ ಸುತ್ತಿದ ಸುತ್ತಿಗೆ ಹಿಡಿಯಿಂದ ಒಳಕ್ಕೆ ಒತ್ತಿ ಹಿಡಿಯಿರಿ. ಒದ್ದೆ ಬಟ್ಟೆ ಇಟ್ಟು ತಣ್ಣಗಾಗಿಸಿ, ಆಮೇಲೆ ಕೈ ಬಿಡಿ. ಬಿಸಿ ಇದ್ದಾಗಲೇ ಬಿಟ್ಟರೆ ಅದು ಮೊದಲಿದ್ದ ಆಕಾರಕ್ಕೆ ವಾಪಸ್ ಬರುತ್ತದೆ. ಹಿಂದೆ ವೈರಿಂಗ್ ಅಥವಾ ವೈಪರ್ ನೀರಿನ ಡಬ್ಬಿ ಇದೆಯಾ ಎಂದು ಮೊದಲೇ ಲೈನರ್ ಎತ್ತಿ ನೋಡಿಕೊಂಡಿರಬೇಕು. ಇದ್ದರೆ ಒಂದೆರಡು ಕೇಬಲ್ ಟೈ ಹಾಕಿ ಲೈನರನ್ನು ಪಕ್ಕಕ್ಕೆ ಎಳೆದು ಕಟ್ಟಿ, ಬಿಸಿ ಮಾಡಬೇಡಿ.

ಲೈನರನ್ನೇ ಕಿತ್ತು ಬಿಸಾಡಿ ಎನ್ನುವವರ ಮಾತು ಕೇಳಬೇಡಿ. ನಮ್ಮ ಮಳೆಗಾಲದಲ್ಲಿ ಚಕ್ರ ಎರಚುವ ಕೆಸರೆಲ್ಲ ನೇರ ಹೆಡ್‌ಲೈಟ್ ಹಿಂಭಾಗಕ್ಕೆ, ಹಾರ್ನ್‌ಗೆ, ವೈರಿಂಗ್ ಕನೆಕ್ಟರ್‌ಗಳಿಗೆ ಹೋಗುತ್ತದೆ.

ಇಲ್ಲಿವರೆಗೆ ಮನೆಯಲ್ಲೇ ಆಗುವ ಕೆಲಸ. ಮುಂದಿನದಕ್ಕೆ ಅಲೈನ್‌ಮೆಂಟ್ ಅಂಗಡಿ ಬೇಕು. ಮುಂದಿನ ಚಕ್ರದ ಭುಜ ಮಡ್‌ಗಾರ್ಡ್ ಅಂಚಿಗೆ ನಾಲ್ಕೈದು ಮಿ.ಮೀ. ಲೆಕ್ಕದಲ್ಲಿ ತಾಗುತ್ತಿದ್ದರೆ ಕ್ಯಾಂಬರ್ ಬೋಲ್ಟ್ ಹಾಕಿಸಿ ಚಕ್ರದ ತಲೆಯನ್ನು ಸ್ವಲ್ಪ ಒಳಕ್ಕೆ ವಾಲಿಸಬಹುದು. ಒಂದು ಡಿಗ್ರಿ ಒಳಗೆ ಸಾಕು. ಅದಕ್ಕಿಂತ ಜಾಸ್ತಿ ವಾಲಿಸಿದರೆ ಟೈರಿನ ಒಳ ಅಂಚು ಬೇಗ ಸವೆಯುತ್ತದೆ, ಹೊರಗಿನಿಂದ ನೋಡಿದರೆ ಹೊಸ ಟೈರ್ ಹಾಗೇ ಕಾಣುತ್ತಿರುತ್ತದೆ. ಕ್ಯಾಂಬರ್ ಮುಟ್ಟಿದ ಮೇಲೆ ಟೋ, ಅಂದರೆ ಮೇಲಿನಿಂದ ನೋಡಿದಾಗ ಚಕ್ರಗಳು ನೇರಕ್ಕೆ ಎಷ್ಟು ಓರೆಯಾಗಿವೆ ಎನ್ನುವುದನ್ನು, ಹೊಂದಿಸಲೇಬೇಕು. ಹಿಂದೆ ಈ ದಾರಿ ಇಲ್ಲ. ಚಿಕ್ಕ ಕಾರುಗಳಲ್ಲಿ ಹಿಂದಿನದು ಒಂದೇ ಬೀಮ್, ಅಲ್ಲಿ ತಿರುಗಿಸುವ ಬೋಲ್ಟ್ ಇಲ್ಲ. ಶಿಮ್ ಎನ್ನುವ ತೆಳು ತಗಡು ಹಾಕಿ ಮಾಡಬಹುದು, ಆದರೆ ಅದನ್ನು ಸರಿಯಾಗಿ ಮಾಡುವ ಕೈ ಸಿಗುವುದು ಕಷ್ಟ.

ಹಿಂದೆ ಭಾರ ಹಾಕಿದಾಗ ಮಾತ್ರ ತಾಗುತ್ತಿದ್ದರೆ ಶಾಕ್ ಅಬ್ಸಾರ್ಬರ್ ಎಣ್ಣೆ ಸೋರುತ್ತಿದೆಯಾ, ಬಂಪ್ ಸ್ಟಾಪರ್ ರಬ್ಬರ್ ಪುಡಿಯಾಗಿದೆಯಾ ನೋಡಿಸಿ. ಲಕ್ಷ ಕಿ.ಮೀ. ಓಡಿದ ಗಾಡಿಯಲ್ಲಿ ಇವನ್ನು ಬದಲಿಸಿದ್ದರಿಂದಲೇ ಸದ್ದು ನಿಲ್ಲುವುದುಂಟು. ಸ್ಪ್ರಿಂಗ್ ಸುರುಳಿ ನಡುವೆ ಸಿಕ್ಕಿಸುವ ರಬ್ಬರ್ ಬಫರ್ ಅಗ್ಗ, ಗಾಡಿ ಎತ್ತರವೂ ಕಾಣುತ್ತದೆ. ನನಗೆ ಇಷ್ಟವಿಲ್ಲ. ಒಂದು ಸುರುಳಿ ಕೆಲಸ ಮಾಡದ ಹಾಗೆ ಅದು ಹಿಡಿಯುತ್ತದೆ, ಉಳಿದ ಸುರುಳಿಗಳ ಮೇಲೆ ಭಾರ ಬೀಳುತ್ತದೆ, ಗಾಡಿ ಕುಪ್ಪಳಿಸುತ್ತದೆ.

ಮಾರುತಿ ಜಿಮ್ನಿ ಇಟ್ಟುಕೊಂಡವರಿಗೆ ಒಂದು ಅಡ್ಡ ಮಾತು. ಲಿಫ್ಟ್ ಕಿಟ್ ಹಾಕಿಸಿದ ಮೇಲೆ ಒಂದೇ ಕಡೆ ತಾಗುತ್ತಿದ್ದರೆ ಚಕ್ರ ಬಿಟ್ಟು ಆಕ್ಸಲ್ ನೋಡಿ. ಆ ಗಾಡಿಯ ಆಕ್ಸಲ್ ಅಡ್ಡಕ್ಕೆ ಸರಿಯದ ಹಾಗೆ ಒಂದು ಓರೆ ರಾಡ್ ಹಿಡಿದಿರುತ್ತದೆ, ಗಾಡಿ ಎತ್ತಿದಾಗ ಆ ರಾಡ್ ಇಡೀ ಆಕ್ಸಲನ್ನು ಒಂದು ಪಕ್ಕಕ್ಕೆ ಎಳೆಯುತ್ತದೆ. ಉದ್ದ ಹೊಂದಿಸಬಹುದಾದ ರಾಡ್ ಹಾಕಿಸಿದರೆ ನಡುವಿಗೆ ಬರುತ್ತದೆ.

ಸ್ಪೇಸರ್ ಹಾಕುವುದಾದರೆ

ಟೈರ್ ಒಳಗೆ ತಾಗುತ್ತಿದ್ದರೆ ಮಾತ್ರ. 3 ಅಥವಾ 5 ಮಿ.ಮೀ. ತೆಳು ತಟ್ಟೆ ಸಾಕಾಗುತ್ತದೆ. ಅದನ್ನು ಹಾಕಿದ ಮೇಲೆ ನಟ್ ಎಷ್ಟು ಸುತ್ತು ಏರುತ್ತದೆ ಎಂದು ಕೈಯಿಂದಲೇ ತಿರುಗಿಸಿ ಎಣಿಸಿ. ಸ್ಟಡ್ (ನಟ್ ಏರುವ ಬೋಲ್ಟ್) ಎಷ್ಟು ದಪ್ಪವೋ ಕಡೇಪಕ್ಷ ಅಷ್ಟು ಉದ್ದ ನಟ್ ಒಳಗೆ ಹೋಗಿರಬೇಕು. ಮಾರುತಿ ಗಾಡಿಗಳ 12 ಮಿ.ಮೀ. ಸ್ಟಡ್‌ನಲ್ಲಿ ಮರೆ (ಒಂದು ಸುತ್ತಿಗೆ ನಟ್ ಏರುವ ದೂರ) 1.25 ಮಿ.ಮೀ., ಅಂದರೆ ಹತ್ತು ಸುತ್ತು ಬೇಕು. ಹ್ಯುಂಡೈ, ಹೋಂಡಾ, ಟೊಯೋಟಾಗಳಲ್ಲಿ ಮರೆ 1.5 ಮಿ.ಮೀ., ಎಂಟು ಸುತ್ತು ಸಾಕು. ಐದಾರು ಸುತ್ತಿಗೇ ಬಿಗಿಯಾದರೆ ಸ್ಪೇಸರ್ ತೆಗೆದು ವಾಪಸ್ ಕೊಡಿ, ಇಲ್ಲವೇ ಉದ್ದದ ಸ್ಟಡ್ ಹಾಕಿಸಿ. ಎರಡು ಸ್ಪೇಸರ್ ಒಂದರ ಮೇಲೊಂದು ಹಾಕುವುದು, ವಾಷರ್ ಜೋಡಿಸಿ ಸ್ಪೇಸರ್ ಮಾಡುವುದು ಬೇಡವೇ ಬೇಡ.

ಇದೇ ಹೊತ್ತಿಗೆ ನಟ್‌ನ ತಲೆ ಕೂರುವ ಜಾಗವನ್ನೂ ನೋಡಿಬಿಡಿ. ರಿಮ್‌ನ ತೂತು ಕೋನ್ ಆಕಾರದಲ್ಲಿದ್ದರೆ ನಟ್‌ಗೂ ಕೋನ್, ಗುಂಡಗಿದ್ದರೆ ಗುಂಡು. ನಡುವಿನ ದೊಡ್ಡ ತೂತು ಕೂಡ ಮುಖ್ಯ. ಹೊರಗಡೆ ಸಿಗುವ ಅಲಾಯ್‌ಗಳಲ್ಲಿ ಅದು ಸಾಮಾನ್ಯವಾಗಿ 73.1 ಮಿ.ಮೀ., ಸ್ವಿಫ್ಟ್ ಅಥವಾ ಐ20ಯ ಹಬ್ 54.1. ನಡುವೆ ಹಬ್ ರಿಂಗ್ ಇಲ್ಲದಿದ್ದರೆ ಚಕ್ರ ಕೂದಲೆಳೆಯಷ್ಟು ಪಕ್ಕಕ್ಕೆ ಕೂತು 80 ದಾಟಿದ ಮೇಲೆ ಸ್ಟೀರಿಂಗ್ ನಡುಗುತ್ತದೆ. ಪಿಸಿಡಿ, ಅಂದರೆ ನಟ್ ತೂತುಗಳು ಕೂತಿರುವ ವೃತ್ತದ ಅಡ್ಡಳತೆ, ಅಂತೂ ಸರಿ ಇರಲೇಬೇಕು. ಹಳೆಯ ಫಿಯೆಟ್‌ಗಳದ್ದು 98, ಸ್ವಿಫ್ಟ್‌ನದ್ದು 100. ಎರಡೇ ಮಿ.ಮೀ. ಎಂದು ಏರ್ ಗನ್ ಹಾಕಿ ಬಿಗಿದರೆ ನಟ್ ಓರೆಯಾಗಿ ಕೂತು ಮುಂದೊಂದು ದಿನ ಸಡಿಲವಾಗುತ್ತದೆ.

ಮಡ್‌ಗಾರ್ಡ್ ಅಂಚು ಮಡಿಸುವುದು

ಕತ್ತರಿಸುವುದಲ್ಲ, ಮಡಿಸುವುದು. ಮಡ್‌ಗಾರ್ಡ್‌ನ ಕೆಳ ಅಂಚಿನಲ್ಲಿ ತಗಡು ಒಳಗಡೆಗೆ ಅಡ್ಡಕ್ಕೆ ಮಡಿಚಿರುತ್ತದೆ. ಟೈರಿನ ಭುಜವನ್ನು ಕತ್ತಿಯ ಹಾಗೆ ಕೊಯ್ಯುವುದು ಅದೇ. ಅದನ್ನು ಮೇಲಕ್ಕೆ ಚಪ್ಪಟೆಯಾಗಿ ಒತ್ತಿದರೆ ಹತ್ತು ಹದಿನೈದು ಮಿ.ಮೀ. ಜಾಗ ಸಿಗುತ್ತದೆ. ಇದಕ್ಕೆ ಹಬ್‌ಗೆ ಬೋಲ್ಟ್ ಮಾಡಿ, ರೋಲರ್ ಒತ್ತಿ ಉರುಳಿಸುವ ಸಾಧನ ಬರುತ್ತದೆ. ಬೆಂಗಳೂರಿನ ಜೆ.ಸಿ. ರಸ್ತೆಯಂಥ ಕಡೆ ವಿಚಾರಿಸಿದರೆ ಅದು ಇರುವವರು ಯಾರು ಎಂದು ಗೊತ್ತಾಗುತ್ತದೆ. ಸುತ್ತಿಗೆಯಲ್ಲೇ ಮಾಡುತ್ತೇನೆ, ಕ್ರಿಕೆಟ್ ಬ್ಯಾಟ್ ಸಾಕು ಎನ್ನುವವರ ಕೈಗೆ ಗಾಡಿ ಕೊಡಬೇಡಿ.

ಮೊದಲು ಆ ಜಾಗದಲ್ಲಿ ಪುಟ್ಟಿ ಇದೆಯಾ ನೋಡಿ. ಫ್ರಿಜ್ ಬಾಗಿಲಿಗೆ ಹಚ್ಚುವ ಅಯಸ್ಕಾಂತ ಸಾಕು. ಅಂಟದಿದ್ದರೆ ಅಥವಾ ಜಾರಿದರೆ ಪುಟ್ಟಿ, ಅಲ್ಲಿ ಮಡಿಸಿದರೆ ಪೇಂಟ್ ಸಮೇತ ಚಕ್ಕೆ ಏಳುತ್ತದೆ. ಪುಟ್ಟಿ ಇಲ್ಲದಿದ್ದರೆ ಹೀಟ್ ಗನ್‌ನಿಂದ ಪೇಂಟ್ ಬಿಸಿ ಮಾಡುತ್ತಾ, ಕೈ ಇಡಲಾಗದಷ್ಟು ಬಿಸಿ ಆದರೆ ಗುಳ್ಳೆ ಏಳದಷ್ಟು, ನಿಧಾನಕ್ಕೆ ನಾಲ್ಕೈದು ಸುತ್ತಿನಲ್ಲಿ ಸ್ವಲ್ಪ ಸ್ವಲ್ಪವೇ ಒತ್ತುತ್ತಾ ಹೋಗಬೇಕು. ಒಂದೇ ಸಲ ಪೂರ್ತಿ ಒತ್ತಲು ಹೋದರೆ ಹೊರಮೈ ಅಲೆಅಲೆಯಾಗುತ್ತದೆ, ಬಿಸಿಲಲ್ಲಿ ನಿಂತಾಗ ಅದು ಕಣ್ಣಿಗೆ ಹೊಡೆಯುತ್ತದೆ.

ಹಿಂದಿನ ಅಂಚಿನಲ್ಲಿ ಎರಡು ತಗಡು ಸೇರಿಸಿ ಬೆಸೆದಿರುತ್ತಾರೆ, ನಡುವೆ ಸೀಲಂಟ್ ತುಂಬಿರುತ್ತದೆ. ಮಡಿಸಿದಾಗ ಆ ಸೀಲಂಟ್ ಬಿರಿಯುತ್ತದೆ, ನೀರು ಒಳಗೆ ಇಳಿಯುತ್ತದೆ. ಅದಕ್ಕೇ ಮಡಿಸಿದ ದಿನವೇ ಸೀಲಂಟ್ ಹಚ್ಚಿ, ಒಣಗಿದ ಮೇಲೆ ತುಕ್ಕು ತಡೆಯುವ ಪ್ರೈಮರ್, ಅದರ ಮೇಲೆ ಅಂಡರ್‌ಬಾಡಿ ಕೋಟಿಂಗ್ ಕೊಡಬೇಕು. ಮಂಗಳೂರು, ಉಡುಪಿ, ಕಾರವಾರದ ಕಡೆಯವರು ಇದನ್ನು ನಾಳೆಗೆ ಮುಂದೂಡಲೇಬೇಡಿ. ಉಪ್ಪಿನ ಗಾಳಿ ಕಾಯುವುದಿಲ್ಲ.

ಇಷ್ಟಾದರೂ ತಾಗುತ್ತಿದ್ದರೆ

ಆಗ ಚಕ್ರ ಅಥವಾ ಟೈರ್ ತಪ್ಪು ಅಂತಲೇ ಅರ್ಥ, ಬಾಡಿಯನ್ನು ಇನ್ನು ಮುಟ್ಟಬೇಡಿ. ಎತ್ತರ ಜಾಸ್ತಿಯಾಗಿದ್ದರೆ ಟೈರ್ ಬದಲಿಸಿ: ಮೇಲಿನ ಉದಾಹರಣೆಯಲ್ಲಿ 205/60 ತೆಗೆದು 195/55 ಹಾಕಿದರೆ 31 ಮಿ.ಮೀ. ವ್ಯತ್ಯಾಸವೇ ಇಲ್ಲವಾಗುತ್ತದೆ. ಹಾಗೆ ಬದಲಿಸುವಾಗ ಲೋಡ್ ಇಂಡೆಕ್ಸ್, ಅಂದರೆ ಟೈರ್ ಎಷ್ಟು ಭಾರ ಹೊರುತ್ತದೆ ಎಂದು ಹೇಳುವ ಸಂಖ್ಯೆ, ನೋಡಿ. 185/65 ಆರ್15ರಲ್ಲಿ ಸಾಮಾನ್ಯವಾಗಿ 88 ಇರುತ್ತದೆ, ಒಂದು ಟೈರಿಗೆ 560 ಕೆ.ಜಿ. 195/55 ಆರ್16ರಲ್ಲಿ 87, ಅಂದರೆ 545. ಒಂದು ಅಂಕೆ ಕಡಿಮೆ, ಹಾಗಾಗಿ ಕಂಪನಿ ಪುಸ್ತಕದಲ್ಲಿ ಕೊಟ್ಟ ಆಕ್ಸಲ್ ಭಾರಕ್ಕೆ ಅದು ಸಾಲುತ್ತದೆಯೇ ಎಂದು ನೋಡಿಯೇ ತೆಗೆದುಕೊಳ್ಳಿ. ಎರಡು ಮೂರು ಮಿ.ಮೀ. ಲೆಕ್ಕದ ತಾಗುವಿಕೆಗೆ ಬ್ರ್ಯಾಂಡ್ ಬದಲಾವಣೆಯೇ ಸಾಕಾಗಬಹುದು. ಬದಿಯಲ್ಲಿ ಒಂದೇ ಸಂಖ್ಯೆ ಬರೆದಿದ್ದರೂ ಒಂದು ಕಂಪನಿಯ ಟೈರ್ ಭುಜ ಚೌಕಾಕಾರ, ಇನ್ನೊಂದರದು ದುಂಡಗೆ.

ಅಗಲ ಮತ್ತು ಆಫ್‌ಸೆಟ್ ತಪ್ಪಾಗಿದ್ದರೆ ರಿಮ್ ಕೊಟ್ಟು ಬೇರೆ ತೆಗೆದುಕೊಳ್ಳುವುದೇ ಅಗ್ಗ. ಕೇಳಲು ಬೇಜಾರು, ನಿಜ. ಆದರೆ 29 ಮಿ.ಮೀ. ಹೊರಗೆ ಬಂದ ಚಕ್ರಕ್ಕೆ ಕ್ಯಾಂಬರ್, ಅಂಚು ಮಡಿಸುವುದು, ಪೇಂಟ್, ಬೇರಿಂಗ್ ಎಂದು ಸುರಿಯುವ ದುಡ್ಡನ್ನು ಕೂಡಿಸಿ ನೋಡಿ. ಅಗಲ ರಿಮ್‌ಗೆ ತೆಳು ಟೈರ್ ಎಳೆದು ಕೂರಿಸಿದರೆ ತಾಗುವುದಿಲ್ಲ ಎಂದು ಹೇಳುವವರೂ ಇದ್ದಾರೆ. ನಮ್ಮ ರಸ್ತೆಯ ಒಂದು ಗುಂಡಿ ಸಾಕು, ರಿಮ್‌ನ ಅಂಚು ಬಾಗಿ ಗಾಳಿ ಇಳಿಯಲು.

ಚಕ್ರ ಮಡ್‌ಗಾರ್ಡ್‌ನಿಂದ ಹೊರಗೆ ಚಾಚಿದ್ದರೆ ಪೊಲೀಸರ ಕಣ್ಣಿಗೂ ಬೀಳುತ್ತದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಗಾಡಿಯ ಮಾರ್ಪಾಡಿನ ಬಗ್ಗೆಯೇ ಇದೆ, ತಯಾರಕರು ಕೊಟ್ಟ ವಿವರಕ್ಕೆ ವಿರುದ್ಧವಾಗಿ ಬದಲಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿತು. ಇನ್ಶೂರೆನ್ಸ್ ಕಂಪನಿಗೆ ಅಲಾಯ್ ವಿಷಯ ಬರೆದು ತಿಳಿಸಿ, ಪಾಲಿಸಿಯಲ್ಲಿ ಸೇರಿಸಿಕೊಂಡಿದ್ದಾರೆಯೇ ನೋಡಿ.

ಹೊಸ ರಿಮ್ ಕೊಳ್ಳುವಾಗ ನಾಲ್ಕೂ ಹಾಕಿಸುವ ಮೊದಲು ಒಂದಕ್ಕೆ ಟೈರ್ ಏರಿಸಿ, ಮುಂದೆ ಹಾಕಿ ಸ್ಟೀರಿಂಗ್ ಎರಡೂ ಕಡೆ ಪೂರ್ತಿ ತಿರುಗಿಸಿ ನೋಡಿ, ಆಮೇಲೆ ಹಿಂದೆ ಹಾಕಿ ನೋಡಿ. ತಾಗಿದರೆ ವಾಪಸ್ ತೆಗೆದುಕೊಳ್ಳುತ್ತೇವೆ ಎಂದು ಬಿಲ್ ಮೇಲೆಯೇ ಬರೆಸಿಕೊಳ್ಳಿ, ಬಾಯಿಮಾತು ಬೇಡ.

ಕೆಲಸ ಮುಗಿದ ಮೇಲೆ ನಟ್‌ಗಳನ್ನು ಏರ್ ಗನ್‌ನಲ್ಲಿ ಬಿಗಿಸಿ ಬಿಡಬೇಡಿ. ಟಾರ್ಕ್ ವ್ರೆಂಚ್‌ನಿಂದ, ಓನರ್ಸ್ ಮ್ಯಾನುಯಲ್‌ನಲ್ಲಿ ಕೊಟ್ಟ ಸಂಖ್ಯೆಗೆ ಬಿಗಿಸಿ. ಇಂಥ ಕಾರುಗಳಲ್ಲಿ ಅದು ಸಾಮಾನ್ಯವಾಗಿ 85ರಿಂದ 120 ನ್ಯೂಟನ್ ಮೀಟರ್ ನಡುವೆ ಇರುತ್ತದೆ. 50ರಿಂದ 100 ಕಿ.ಮೀ. ಓಡಿದ ಮೇಲೆ ಇನ್ನೊಮ್ಮೆ ಬಿಗಿಸಿ. ಆಮೇಲೆ ಮತ್ತೆ ಚಾಕ್ ಬಳಿದು, ಮತ್ತೆ ಅಕ್ಕಿ ಮೂಟೆ ಹಾಕಿ, ಅದೇ ಹಂಪ್ ದಾಟಿಸಿ.

ಡಿಕ್ಕಿಯ ಸ್ಟೆಪ್ನಿಯನ್ನು ಮಾತ್ರ ಮರೆಯಬೇಡಿ. ಅದು ಇನ್ನೂ ಹಳೆಯ ಸ್ಟೀಲ್ ರಿಮ್, ಹಳೆಯ ಸೈಜ್. ಅಲಾಯ್ ಜೊತೆ ಬಂದ ನಟ್ ಅದಕ್ಕೆ ಸರಿಯಾಗಿ ಕೂರದೇ ಇರಬಹುದು. ಕಂಪನಿಯ ಹಳೆಯ ನಟ್‌ಗಳಲ್ಲಿ ಒಂದು ಚಕ್ರಕ್ಕೆ ಬೇಕಾಗುವಷ್ಟನ್ನು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ಜಾಕ್ ಪಕ್ಕದಲ್ಲೇ ಇಡಿ, ಅಲಾಯ್ ನಟ್‌ಗೆ ಬೇರೆ ಸಾಕೆಟ್ ಬೇಕಿದ್ದರೆ ಅದೂ ಅಲ್ಲೇ ಇರಲಿ.